ಶುಶ್ರೂಷಾ ಪದವಿಯೂ ನಮ್ಮ ಸೀಮೆಯ ಹೆಣ್ಣುಮಕ್ಕಳೂ

ಹತ್ತನೆಯ ತರಗತಿಯ ಫಲಿತಾಂಶವು ಹೊರಬೀಳುವ ದಿವಸಗಳಲ್ಲಿ ನಮ್ಮ ಶಾಲೆಯ ಜಗಲಿಗೆ ಬರುವ ತಾಯಿತಂದೆಗಳು ವರ್ಷವರ್ಷವೂ ತಪ್ಪದೆ ಕೇಳುವ ಪ್ರಶ್ನೆಯೊಂದುಂಟು. "ಟೀಚರಮ್ಮಾ, ಮಗಳು ನರ್ಸ್ ಆಗಬೇಕೆಂದು ಹಠ ಹಿಡಿದಿದ್ದಾಳೆ. ಅದಕ್ಕೆ ಮೂರು ವರ್ಷದ ತರಬೇತಿ ಸಾಲದೆ? ಡಿಗ್ರಿ ಏತಕ್ಕೆ?" ಕೇಳುವವರ ಮನಸ್ಸಿನಲ್ಲಿ ಖರ್ಚಿನ ಚಿಂತೆಯಿರುತ್ತದೆ, ಊರು ಬಿಟ್ಟು ಕಳುಹಿಸುವ ಅಳುಕಿರುತ್ತದೆ; ಹಾಸಿಗೆ ಹಾಸುವುದಕ್ಕೂ ಸೂಜಿ ಚುಚ್ಚುವುದಕ್ಕೂ ವಿಶ್ವವಿದ್ಯಾನಿಲಯದ ಪದವಿ ಬೇಕೆ ಎಂಬ ಸಂದೇಹವೂ ಇರುತ್ತದೆ. ನಿಂತ ನಿಲುವಿನಲ್ಲಿ ಕೊಟ್ಟ ಉತ್ತರ ಅವರಿಗೂ ತೃಪ್ತಿಯಾಗದು, ನಮಗೂ ಆಗದು. ಆದುದರಿಂದ ಈ ಸಂಚಿಕೆಯಲ್ಲಿ ಆ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಬರೆಯಲು ಎಣಿಸಿದ್ದೇವೆ.

ಉತ್ತರವನ್ನು ದೂರ ಹುಡುಕಬೇಕಾದುದಿಲ್ಲ. ೨೦೧೮ನೆಯ ಇಸವಿ ಡಿಸೆಂಬರ್ ೧೪ರಂದು ಹನೂರು ತಾಲ್ಲೂಕಿನ ಸುಳವಾಡಿಯ ಮಾರಮ್ಮನ ದೇವಸ್ಥಾನದಲ್ಲಿ ಪ್ರಸಾದವನ್ನುಂಡವರಿಗೆ ಒದಗಿದ ವಿಪತ್ತನ್ನು ಈ ಸೀಮೆಯವರಾರೂ ಮರೆತಿರಲಾರರು. ಅನ್ನದಲ್ಲಿ ಬೆರೆತಿದ್ದ ಕೀಟನಾಶಕ ವಿಷದಿಂದ ೧೭ ಜನ ತೀರಿಕೊಂಡರು. ೧೦೦ಕ್ಕೂ ಮೇಲ್ಪಟ್ಟ ಜನರು ಆಸ್ಪತ್ರೆಗಳನ್ನು ಸೇರಿದರು. ಕಾಮಗೆರೆ, ಕೊಳ್ಳೇಗಾಲ, ಕಡೆಗೆ ಮೈಸೂರು ಎಂಬುದಾಗಿ ಗಾಡಿಗಳು ಓಡಿದವು. ಹೊಲಕ್ಕೆ ಸಿಂಪಡಿಸುವ ಈ ಜಾತಿಯ ವಿಷವು ಮೈಗೆ ಸೇರಿದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಉಸಿರೆಳೆಯುವ ಸ್ನಾಯುಗಳು ಸೋಲುತ್ತವೆ. ಅಟ್ರೋಪಿನ್ ಎಂಬ ಔಷಧವನ್ನು ರಕ್ತನಾಳಕ್ಕೆ ಹಾಯಿಸುತ್ತ, ಎದೆಯೊಳಗಿನ ಗೊರಗೊರ ಶಬ್ದವು ನಿಲ್ಲುವವರೆಗೆ ಅದರ ಪ್ರಮಾಣವನ್ನು ಏರಿಸುತ್ತ ಹೋಗಬೇಕು. ಕಡಿಮೆಯಾದರೆ ರೋಗಿಯು ತನ್ನ ನೀರಿನಲ್ಲೇ ಮುಳುಗುವನು. ಹೆಚ್ಚಾದರೆ ಮೈ ಸುಟ್ಟು, ನಾಡಿ ಓಡಿ, ಭ್ರಮೆ ಹಿಡಿಯುವುದು. ಅದೂ ಸಾಲದೆಂಬಂತೆ, ಚೇತರಿಸಿಕೊಂಡನೆಂದು ಮನೆಯವರು ನಿಟ್ಟುಸಿರುಬಿಟ್ಟ ಮೇಲೆ, ಒಂದರಿಂದ ನಾಲ್ಕು ದಿವಸಗಳೊಳಗೆ ಕತ್ತಿನ ಬಲ ಕುಂದಿ ಉಸಿರು ಮತ್ತೆ ನಿಲ್ಲಬಹುದು.

ಔಷಧವನ್ನು ಬರೆದುಕೊಡುವವರು ವೈದ್ಯರು, ನಿಜ. ಆದರೆ ಇಂಥ ರೋಗಿಯ ತಲೆದೆಸೆಯಲ್ಲಿ ಇರುಳೆಲ್ಲ ನಿಂತು, ಕಾಲುಗಂಟೆಗೊಮ್ಮೆ ನಾಡಿ ನೋಡಿ, ಪಾಪೆ ನೋಡಿ, ಎದೆಗೆ ಕಿವಿಗೊಟ್ಟು, "ಈತನಿಗೆ ತಲೆಯೆತ್ತಲು ಆಗುತ್ತಿಲ್ಲ, ಈಗಲೇ ಬನ್ನಿ" ಎಂದು ವೈದ್ಯರನ್ನು ಕರೆಯತಕ್ಕವಳು ನರ್ಸ್. ತಲೆ ಎತ್ತಲಾರದ್ದು ಏತರ ಸೂಚನೆಯೆಂಬುದನ್ನು ಆಕೆ ಅರಿತಿರದಿದ್ದರೆ ಆ ಕರೆ ಹೋಗುವುದೇ ಇಲ್ಲ. ಕೈಕೆಲಸವನ್ನು ನೋಡಿ ಕಲಿಯಬಹುದು. ಕಾರಣವನ್ನು ಓದಿಯೇ ಕಲಿಯಬೇಕು. ಪದವಿಯ ಪ್ರಯೋಜನವೆಲ್ಲ ಈ ಎರಡನೆಯ ಮಾತಿನಲ್ಲಿದೆ.

ಶುಶ್ರೂಷೆಯನ್ನು ವಿಶ್ವವಿದ್ಯಾನಿಲಯಕ್ಕೆ ಸೇರಿಸಿದ್ದು ಬಹಳ ಹಿಂದಿನ ಸಂಗತಿಯೇನೂ ಅಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಲಂಡನ್ನಿನಲ್ಲಿ ತಮ್ಮ ಶಾಲೆಯನ್ನು ತೆರೆದದ್ದು ೧೮೬೦ರಲ್ಲಿ; ಮದರಾಸಿನ ಜನರಲ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಮೊದಲಾದದ್ದು ೧೮೭೧ರಲ್ಲಿ. ಆದರೂ ನಮ್ಮ ದೇಶದಲ್ಲಿ ನರ್ಸಿಂಗಿಗೆ ಪದವಿ ಎಂಬುದು ಹುಟ್ಟಲು ೧೯೪೬ರವರೆಗೆ ಕಾಯಬೇಕಾಯಿತು. ಆ ವರ್ಷ ದೆಹಲಿಯಲ್ಲಿ ಒಂದು, ವೆಲ್ಲೂರಿನಲ್ಲಿ ಒಂದು, ಹೀಗೆ ಎರಡು ಕಾಲೇಜುಗಳು ಬಿ.ಎಸ್‌ಸಿ. ಪದವಿಗೆ ವಿದ್ಯಾರ್ಥಿನಿಯರನ್ನು ಸೇರಿಸಿಕೊಂಡವು. ವೆಲ್ಲೂರಿನದು ಡಾಕ್ಟರ್ ಐಡಾ ಸ್ಕಡರ್ ಅವರು ೧೯೦೦ರಲ್ಲಿ ಒಂದೇ ಹಾಸಿಗೆಯಿಂದ ಆರಂಭಿಸಿದ ಆಸ್ಪತ್ರೆ. ೧೯೦೯ರಲ್ಲಿ ಅಲ್ಲಿ ದಾದಿಯರ ಶಾಲೆಯಾಯಿತು. ಆ ಶಾಲೆಯೇ ಬೆಳೆದು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಲೇಜಾಯಿತು. ಅದೇ ೧೯೪೬ರಲ್ಲಿ ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಸಮಿತಿಯು ತನ್ನ ವರದಿಯಲ್ಲಿ, ಇಂಡಿಯಾ ದೇಶದಲ್ಲಿ ೪೩,೦೦೦ ಜನಕ್ಕೆ ಒಬ್ಬ ನರ್ಸ್ ಇದ್ದಾಳೆಂದು ಲೆಕ್ಕ ಹಾಕಿ ತೋರಿಸಿತು.

ಈ ಮಾತಿನಲ್ಲಿ ನಮ್ಮ ಸೀಮೆಗೆ ಸಂಬಂಧಪಟ್ಟ ಒಂದು ಸ್ವಾರಸ್ಯವಿದೆ. ಆಗ ಕೊಳ್ಳೇಗಾಲ ತಾಲ್ಲೂಕು, ಹನೂರೂ ಸೇರಿದಂತೆ, ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ದಿವಾನ್ ಪೂರ್ಣಯ್ಯನವರ ಜಹಗೀರೆಂದು ಹೆಸರಾದ ಯಳಂದೂರಾದರೋ ಮೈಸೂರು ಸಂಸ್ಥಾನದ್ದು. ಎರಡು ಪೇಟೆಗಳ ನಡುವೆ ಒಂದು ಗಳಿಗೆಯ ಬಸ್ಸಿನ ಹಾದಿ. ಆದರೆ ಯಳಂದೂರಿನ ಹುಡುಗಿಗೆ ಶುಶ್ರೂಷೆ ಎಂದರೆ ಮೈಸೂರಿನ ಆಸ್ಪತ್ರೆಗಳು, ಅವುಗಳಲ್ಲಿ ೧೯೦೬ರಲ್ಲಿ ಸ್ಥಾಪಿತವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಮಿಷನ್ ಆಸ್ಪತ್ರೆಯೂ ಒಂದು. ಕೊಳ್ಳೇಗಾಲದ ಹುಡುಗಿಗೆ ಅವಳ ಸರ್ಕಾರದ ಆಸ್ಪತ್ರೆಗಳೂ ವಿಶ್ವವಿದ್ಯಾನಿಲಯವೂ ಇದ್ದದ್ದು ಮದರಾಸಿನ ಕಡೆ. ದಕ್ಷಿಣದ ಮೊದಲ ನರ್ಸಿಂಗ್ ಪದವಿಯು ನಮ್ಮ ಹಳೆಯ ರಾಜಧಾನಿಯ ವಿಶ್ವವಿದ್ಯಾನಿಲಯದಲ್ಲೇ ಹುಟ್ಟಿತೆಂದು ಕೊಳ್ಳೇಗಾಲದವರು ಹೇಳಿಕೊಂಡರೆ ಸುಳ್ಳಾಗದು. ೧೯೫೬ರ ನವೆಂಬರ್ ೧ರಂದು ಈ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ೧೯೯೭ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಹನೂರು ಬೇರೆ ತಾಲ್ಲೂಕಾದದ್ದು ತೀರ ಈಚೆಗೆ. ಈಗ ಮೂವರು ಹುಡುಗಿಯರಿಗೂ ವಿಶ್ವವಿದ್ಯಾನಿಲಯ ಒಂದೇ: ೧೯೯೬ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಇದು ಸರ್ಕಾರದ ವಿಶ್ವವಿದ್ಯಾನಿಲಯ. ರಾಜ್ಯದ ಸರ್ಕಾರಿ ನರ್ಸಿಂಗ್ ಕಾಲೇಜುಗಳೂ ಖಾಸಗಿ ಕಾಲೇಜುಗಳಲ್ಲಿ ಬಹುಪಾಲೂ ಇದರ ಅಧೀನದಲ್ಲಿವೆ. ಪಾಠ ನಡೆಯುವುದು ಕಾಲೇಜಿನಲ್ಲಿ, ಪರೀಕ್ಷೆ ನಡೆಸಿ ಪದವಿ ಕೊಡುವುದು ವಿಶ್ವವಿದ್ಯಾನಿಲಯ.

ಇನ್ನು ದಾರಿಗಳ ವಿಚಾರ. ತಾಯಿತಂದೆಗಳು "ನರ್ಸಿಂಗ್" ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ವಿದ್ಯೆಗಳನ್ನು ಕಟ್ಟಿಹಾಕುತ್ತಾರಾಗಿ ಗೊಂದಲವುಂಟಾಗುತ್ತದೆ. ಎ.ಎನ್.ಎಂ. ಎಂಬುದು ಎರಡು ವರ್ಷದ್ದು. ಹಳ್ಳಿಯ ಉಪಕೇಂದ್ರದಲ್ಲಿ ಬಸುರಿ ಬಾಣಂತಿಯರನ್ನೂ ಕೂಸುಗಳ ಚುಚ್ಚುಮದ್ದನ್ನೂ ನೋಡಿಕೊಳ್ಳುವ ಸಹಾಯಕ ದಾದಿಯ ತರಬೇತಿ. ಇದನ್ನು ಹಗುರವಾಗಿ ಎಣಿಸಕೂಡದು: ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾಕ್ಟರ್ ಎಚ್. ಸುದರ್ಶನ್ ಅವರು ೧೯೮೧ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರ ಹಾಡಿಗಳ ಹೆಣ್ಣುಮಕ್ಕಳನ್ನೇ ಈ ತರಬೇತಿಗೆ ಸೇರಿಸಿತೆಂಬುದು ಗಮನಿಸತಕ್ಕ ಸಂಗತಿ. ಜಿ.ಎನ್.ಎಂ. ಮೂರು ವರ್ಷದ ಡಿಪ್ಲೊಮಾ. ಆಸ್ಪತ್ರೆಯ ವಾರ್ಡುಗಳಲ್ಲಿ ನಾವು ಕಾಣುವ ನರ್ಸ್‌ಗಳಲ್ಲಿ ಅನೇಕರು ಇದನ್ನು ಮುಗಿಸಿದವರು. ಇದರ ಪರೀಕ್ಷೆ ವಿಶ್ವವಿದ್ಯಾನಿಲಯದ್ದಲ್ಲ, ರಾಜ್ಯದ ಡಿಪ್ಲೊಮಾ ಪರೀಕ್ಷಾ ಮಂಡಲಿಯದು. ಬಿ.ಎಸ್‌ಸಿ. ನರ್ಸಿಂಗ್ ನಾಲ್ಕು ವರ್ಷದ ಪದವಿ. ಇದೊಂದೇ ನೇರವಾಗಿ ವಿಶ್ವವಿದ್ಯಾನಿಲಯದೊಳಕ್ಕೆ ಒಯ್ಯುವುದು.

ಇಲ್ಲಿಯೇ ತಾಯಿತಂದೆಗಳು ಚೆನ್ನಾಗಿ ಗಮನಿಸಬೇಕಾದ ಅಂಶವಿರುವುದು. ಮೊದಲಿನ ಎರಡು ತರಬೇತಿಗಳಿಗೆ ಪಿ.ಯು.ಸಿ.ಯಲ್ಲಿ ಕಲಾ ವಿಭಾಗವನ್ನೋ ವಾಣಿಜ್ಯವನ್ನೋ ಓದಿದ ಹುಡುಗಿಯೂ ಅರ್ಹಳು. ಪದವಿಗೆ ಹಾಗಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಈ ನಾಲ್ಕನ್ನೂ ಓದಿ, ಸರಾಸರಿ ಶೇಕಡಾ ೪೫ ಅಂಕಗಳನ್ನು ಪಡೆದಿರಬೇಕು. ಪರಿಶಿಷ್ಟ ಜಾತಿ ಪಂಗಡಗಳವರಿಗೆ ಶೇಕಡಾ ೪೦ ಸಾಕು. ಸೇರುವ ವರ್ಷದ ಡಿಸೆಂಬರ್ ೩೧ಕ್ಕೆ ೧೭ ವರ್ಷ ತುಂಬಿರಬೇಕು. ಅಂದರೆ ಪದವಿಯ ಬಾಗಿಲು ತೆರೆಯುವುದೋ ಮುಚ್ಚುವುದೋ ಹುಡುಗಿಯು ಹದಿನೆಂಟರಲ್ಲಿ ಅರ್ಜಿ ಹಾಕುವಾಗ ಅಲ್ಲ. ಹದಿನಾರರಲ್ಲಿ, ಹತ್ತನೆಯ ತರಗತಿ ಮುಗಿಸಿ ಪಿ.ಯು. ಕಾಲೇಜಿನ ಅರ್ಜಿಯಲ್ಲಿ ಒಂದು ಗುರುತು ಹಾಕುವಾಗ. ವಿಜ್ಞಾನ ಕಷ್ಟವೆಂದು, ವಿಜ್ಞಾನದ ಕಾಲೇಜು ಊರಿಗೆ ದೂರವೆಂದು, ಕಲಾ ವಿಭಾಗಕ್ಕೆ ಸೇರಿಸಿಬಿಟ್ಟು, ಎರಡು ವರ್ಷದ ತರುವಾಯ "ಬಿ.ಎಸ್‌ಸಿ. ನರ್ಸಿಂಗ್ ಕೊಡಿಸಿ" ಎಂದು ಬರುವವರಿಗೆ ನಾವು ಏನು ಹೇಳಬಲ್ಲೆವು? ಮತ್ತೊಂದು ಮಾತು. ಗಣಿತಕ್ಕೆ ಹೆದರಿ ವಿಜ್ಞಾನವನ್ನೇ ಬಿಡುವ ಹುಡುಗಿಯರು ಬಹಳ ಮಂದಿ. ಈ ಪದವಿಯ ಅರ್ಹತೆಗೆ ಗಣಿತವು ಬೇಕಾದ ವಿಷಯವಲ್ಲ. ಗಣಿತಕ್ಕೆ ಬದಲಾಗಿ ಬೇರೊಂದನ್ನು ಕಲಿಸುವ ಪಿ.ಯು. ಕಾಲೇಜು ಸಮೀಪದಲ್ಲುಂಟೋ ಎಂದು ವಿಚಾರಿಸಬಹುದು. (ತ್ರೈರಾಶಿಯ ಲೆಕ್ಕ ಮಾತ್ರ ಬರಬೇಕು. ಇಷ್ಟು ತೂಕದ ಮಗುವಿಗೆ ಎಷ್ಟು ಔಷಧ ಎಂಬುದು ತ್ರೈರಾಶಿಯೇ.)

೨೦೨೩ರಿಂದೀಚೆಗೆ ನಮ್ಮ ರಾಜ್ಯದಲ್ಲಿ ಈ ಪದವಿಯ ಸರ್ಕಾರಿ ಸ್ಥಾನಗಳು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿ.ಇ.ಟಿ. ಮೂಲಕ ಹಂಚಿಕೆಯಾಗುತ್ತಿವೆ. ಪಿ.ಯು.ಸಿ. ಎರಡನೆಯ ವರ್ಷದಲ್ಲಿರುವಾಗಲೇ ಆ ಪರೀಕ್ಷೆಗೆ ಹೆಸರು ನೋಂದಾಯಿಸಬೇಕು. "ನಮಗೆ ಇಂಜಿನಿಯರಿಂಗ್ ಬೇಡವಲ್ಲ" ಎಂದು ಬಿಟ್ಟುಬಿಡುವವರುಂಟು, ಅದು ತಪ್ಪು. ಪ್ರಾಧಿಕಾರದ ಹಂಚಿಕೆಯಲ್ಲಿ ಗ್ರಾಮಾಂತರದಲ್ಲಿ ಓದಿದವರಿಗೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಮೀಸಲು ಕೇಳುವ ಅವಕಾಶವಿರುವುದರಿಂದ, ಒಂದನೆಯ ತರಗತಿಯಿಂದ ಹತ್ತರವರೆಗೆ ಎಲ್ಲೆಲ್ಲಿ ಓದಿದಳೆಂಬ ದೃಢೀಕರಣ ಪತ್ರಗಳನ್ನು ಶಾಲೆಗಳಿಂದ ಮುಂಚಿತವಾಗಿಯೇ ಬರೆಸಿಕೊಳ್ಳುವುದು ಲೇಸು. ಜಾತಿ ಮತ್ತು ವರಮಾನದ ಪತ್ರಗಳು ವಿದ್ಯಾರ್ಥಿವೇತನಕ್ಕೂ ಬೇಕಾಗುತ್ತವೆ.

ನಾಲ್ಕು ವರ್ಷ ಏನನ್ನು ಓದುತ್ತಾರೆ? ಭಾರತೀಯ ನರ್ಸಿಂಗ್ ಪರಿಷತ್ತು ೨೦೨೧ರಲ್ಲಿ ಪಠ್ಯಕ್ರಮವನ್ನು ಬದಲಾಯಿಸಿ ಎಂಟು ಅರ್ಧವರ್ಷಗಳಾಗಿ ವಿಂಗಡಿಸಿದೆ. ಮೊದಲು ಅಂಗರಚನೆ, ಶರೀರಕ್ರಿಯೆ, ಮನಶ್ಶಾಸ್ತ್ರ, ಸಮಾಜಶಾಸ್ತ್ರ. ಆಮೇಲೆ ಆಹಾರಶಾಸ್ತ್ರ, ಜೀವರಸಾಯನ, ಸೂಕ್ಷ್ಮಜೀವಿಶಾಸ್ತ್ರ, ಔಷಧಶಾಸ್ತ್ರ, ರೋಗಶಾಸ್ತ್ರ. ಮುಂದೆ ದೊಡ್ಡವರ, ಮಕ್ಕಳ, ಮಾನಸಿಕ ರೋಗಿಗಳ ಶುಶ್ರೂಷೆ, ಪ್ರಸೂತಿ, ಸಮುದಾಯದ ಆರೋಗ್ಯ. ಕಡೆಯ ಅರ್ಧವರ್ಷ ಪೂರ್ತಿ ಆಸ್ಪತ್ರೆಯಲ್ಲಿ ಕೆಲಸ. ಪ್ರತಿ ವಿಷಯದಲ್ಲೂ ಪಾಠಕ್ಕೂ ಪ್ರಯೋಗಕ್ಕೂ ಬೇರೆ ಬೇರೆಯಾಗಿ ನೂರಕ್ಕೆ ೫೦ ಬರಬೇಕು. ಇಂಗ್ಲಿಷಿಗೆ ಮಾತ್ರ ೪೦. ಪಾಠಗಳಿಗೆ ಶೇಕಡಾ ೮೦ ಹಾಜರಿ ಸಾಕು, ಆದರೆ ರೋಗಿಗಳ ಬಳಿ ಮಾಡತಕ್ಕ ಕೆಲಸದ ಗಂಟೆಗಳು ನೂರಕ್ಕೆ ನೂರು ತುಂಬದೆ ಪದವಿ ದೊರೆಯದು. ಈ ನಿಯಮವು ನಮಗೆ ಬಹಳ ಮೆಚ್ಚಿಕೆಯಾದದ್ದು.

ಸೂಕ್ಷ್ಮಜೀವಿಶಾಸ್ತ್ರವೆಂಬ ಹೆಸರನ್ನು ಕೇಳಿ ಹೆದರುವ ತಾಯಂದಿರಿಗೆ ಒಂದು ಮಾತು. ನಮ್ಮ ಸೀಮೆಯಲ್ಲಿ ರೇಷ್ಮೆಹುಳು ಸಾಕಿದ ಮನೆಗಳು ಎಷ್ಟಿಲ್ಲ! ಹುಳುವಿನ ಮನೆಗೆ ಕೈಕಾಲು ತೊಳೆಯದೆ ಯಾರನ್ನೂ ಬಿಡುವುದಿಲ್ಲ. ಸುಣ್ಣಕಟ್ಟು ಬಂದ ಹುಳುವನ್ನು ಕಂಡ ಕೂಡಲೇ ಆರಿಸಿ ದೂರ ಒಯ್ದು ಸುಡುತ್ತಾರೆ. ಬೆಳೆ ಮುಗಿದ ಮೇಲೆ ತಟ್ಟೆ ಚಂದ್ರಿಕೆಗಳನ್ನೆಲ್ಲ ತೊಳೆದು ಔಷಧ ಹೊಡೆಯುತ್ತಾರೆ. ನಾಲ್ಕನೆಯ ಜ್ವರವೆದ್ದ ಹುಳುವಿಗೆ ನಡುರಾತ್ರಿಯಲ್ಲಿ ಎದ್ದು ಸೊಪ್ಪು ಹಾಕುತ್ತಾರೆ. ಫ್ರಾನ್ಸ್ ದೇಶದ ಲೂಯಿ ಪಾಶ್ಚರ್ ೧೮೬೫ರಿಂದ ಕೆಲವು ವರ್ಷ ಗಂಟುರೋಗ ಹಿಡಿದ ರೇಷ್ಮೆಹುಳುಗಳನ್ನೇ ಪರೀಕ್ಷಿಸಿ, ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವಿಲ್ಲದ ಮೊಟ್ಟೆಯನ್ನು ಆರಿಸುವ ಕ್ರಮವನ್ನು ಕಂಡುಹಿಡಿದರು. ಮನುಷ್ಯರ ಅಂಟುರೋಗಗಳನ್ನು ಅವರು ಕೈಗೆತ್ತಿಕೊಂಡದ್ದು ಆ ಮೇಲೆ. ಹುಳುವಿನ ಮನೆಯಲ್ಲಿ ತಾಯಿಯೊಡನೆ ಬೆಳೆದ ಹುಡುಗಿಯು ಆ ಪುಸ್ತಕದ ಅರ್ಧವನ್ನು ಕೈಯಲ್ಲಿ ಮಾಡಿಯೇ ಬಂದಿರುತ್ತಾಳೆ. ಇರುಳು ನಿದ್ದೆಗೆಡುವುದೂ ಅವಳಿಗೆ ಹೊಸದಲ್ಲ.

ನಿಜವಾದ ಕಷ್ಟವಿರುವುದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಓದಿ ಬುದ್ಧಿವಂತೆಯೆನಿಸಿಕೊಂಡ ಹುಡುಗಿಯು ಪದವಿಯ ಮೊದಲನೆಯ ಅರ್ಧವರ್ಷದಲ್ಲಿ ಅಂಗರಚನೆಯ ಪುಸ್ತಕವನ್ನು ತೆರೆದು, ಒಂದು ಪುಟಕ್ಕೆ ಒಂದು ಗಂಟೆ ಹಿಡಿಯುವುದನ್ನು ಕಂಡು, ತಾನು ದಡ್ಡಳೆಂದು ತೀರ್ಮಾನಿಸಿ ಮನೆಗೆ ಪತ್ರ ಬರೆದ ಸಂಗತಿಗಳು ನಮಗೆ ಗೊತ್ತಿವೆ. ಈಗ ಪತ್ರವಲ್ಲ, ಫೋನು, ಅಳು ಅದೇ. ಇಂಥ ಕರೆ ಬಂದ ರಾತ್ರಿಯೇ ಅಪ್ಪ ಬಸ್ಸು ಹತ್ತಿ ಮಗಳನ್ನು ಕರೆತಂದುಬಿಟ್ಟರೆ ಎಲ್ಲವೂ ಮುಗಿಯಿತು. ಮೊದಲ ವರ್ಷವನ್ನು ದಾಟಿದವರು ಸಾಮಾನ್ಯವಾಗಿ ಉಳಿದ ಮೂರನ್ನೂ ದಾಟುತ್ತಾರೆಂಬುದು ನಾವು ಕಂಡ ಮಟ್ಟಿಗೆ ನಿಜ. ಪಿ.ಯು.ಸಿ.ಯ ಎರಡು ವರ್ಷಗಳಲ್ಲಿ ಜೀವಶಾಸ್ತ್ರದ ಪಾಠವನ್ನು ದಿವಸಕ್ಕೊಂದು ಪುಟದಂತೆ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದುವ ಅಭ್ಯಾಸವನ್ನಿಟ್ಟುಕೊಂಡರೆ ಕಷ್ಟವು ಅರ್ಧಕ್ಕರ್ಧ ಇಳಿಯುತ್ತದೆ. ಅತ್ತ ಆಸ್ಪತ್ರೆಯಲ್ಲಿ ಅವಳ ಕನ್ನಡವೇ ಅವಳಿಗೆ ಬಲ. ಮಹದೇಶ್ವರ ಬೆಟ್ಟದಾಚೆಯ ಮುದುಕಿಯೊಬ್ಬಳು "ಎದೆ ಹಿಂಡ್ತದೆ ಕಣವ್ವ" ಎಂದರೆ ಆ ಹಿಂಡುವಿಕೆ ಏನೆಂಬುದು ಪುಸ್ತಕದ ಇಂಗ್ಲಿಷ್ ಮಾತ್ರ ಬಲ್ಲವರಿಗೆ ತಿಳಿಯದು.

ಕಾಲೇಜನ್ನು ಆರಿಸುವಾಗಿನ ಎಚ್ಚರಿಕೆಯ ವಿಷಯವನ್ನು ಬರೆಯದೆ ಬಿಟ್ಟರೆ ಈ ಲೇಖನವು ಅರ್ಧವೇ. ಹನೂರಿನಾಚೆಯ ಹಳ್ಳಿಯ ಒಬ್ಬಳು, ನಮ್ಮವಳೇ, ದಲ್ಲಾಳಿಯೊಬ್ಬನ ಮಾತು ನಂಬಿ ದೂರದ ಪೇಟೆಯ ಒಂದು ಸಂಸ್ಥೆಯನ್ನು ಸೇರಿದಳು. ತಂದೆಯು ಎರಡು ಹಸುಗಳನ್ನು ಮಾರಿ ಹಣ ಹೊಂದಿಸಿದ್ದನು. ಎರಡನೆಯ ವರ್ಷದವರೆಗೂ ಅವಳು ರೋಗಿಯ ಮುಖವನ್ನು ಕಂಡದ್ದು ಬೆರಳೆಣಿಕೆಯಷ್ಟು ದಿವಸ. ಕಾಲೇಜಿಗೆ ತನ್ನದೆನ್ನುವ ಆಸ್ಪತ್ರೆಯೇ ಇರಲಿಲ್ಲ. ಬಿಟ್ಟುಬರುತ್ತೇನೆಂದಾಗ ಮೂಲ ಅಂಕಪಟ್ಟಿಗಳನ್ನು ಹಿಂದಿರುಗಿಸಲು ಉಳಿದ ವರ್ಷಗಳ ಶುಲ್ಕವನ್ನೂ ಕೇಳಿದರು. ಅವಳ ಹೆಸರನ್ನು ಬರೆಯುವುದು ಸರಿಯಲ್ಲ. ಅಂಥವಳು ಅವಳೊಬ್ಬಳೇ ಅಲ್ಲವಾದುದರಿಂದ ಸಂಗತಿಯನ್ನು ಬರೆದಿದ್ದೇವೆ.

ಆದುದರಿಂದ ಹಣ ಕಟ್ಟುವುದಕ್ಕೆ ಮುಂಚೆ ತಂದೆಯೋ ಅಣ್ಣನೋ ಒಂದು ದಿವಸ ಹೋಗಿ ನೋಡಿಬರಬೇಕು. ಕಾಲೇಜನ್ನಲ್ಲ, ಆಸ್ಪತ್ರೆಯನ್ನು. ನಿಯಮದ ಪ್ರಕಾರ ಕಾಲೇಜಿನ ಬೆನ್ನಿಗೆ ೧೦೦ ಹಾಸಿಗೆಗಳ ಆಸ್ಪತ್ರೆಯಿರಬೇಕು. ಹಾಸಿಗೆಗಳ ಮೇಲೆ ರೋಗಿಗಳಿದ್ದಾರೆಯೆ ಎಂಬುದು ಕಣ್ಣಿಗೆ ಕಾಣುವ ವಿಷಯ. ಆ ವರ್ಷಕ್ಕೆ ಕಾಲೇಜಿಗೆ ಮಾನ್ಯತೆಯುಂಟೋ, ಎಷ್ಟು ಸ್ಥಾನಗಳಿಗೆ ಉಂಟೋ ಎಂಬುದನ್ನು ವಿಶ್ವವಿದ್ಯಾನಿಲಯದ ಪಟ್ಟಿಯಲ್ಲೂ ರಾಜ್ಯ ನರ್ಸಿಂಗ್ ಪರಿಷತ್ತಿನ ಪಟ್ಟಿಯಲ್ಲೂ ನೋಡಬೇಕು. ಕಳೆದ ವರ್ಷ ಇತ್ತೆಂದು ಈ ವರ್ಷವೂ ಇರಲೇಬೇಕೆಂದಿಲ್ಲ. ಪಾಠದ ಶುಲ್ಕ, ಹಾಸ್ಟೆಲು, ಸಮವಸ್ತ್ರ, ಪರೀಕ್ಷೆ, ಆಸ್ಪತ್ರೆಗೆ ಹೋಗಿಬರುವ ಬಸ್ಸು, ಇವೆಲ್ಲ ಸೇರಿ ನಾಲ್ಕು ವರ್ಷಕ್ಕೆ ಎಷ್ಟಾಗುವುದೆಂದು ಕಾಗದದ ಮೇಲೆ ಬರೆಸಿಕೊಳ್ಳಬೇಕು. ೨೦೨೩ರಲ್ಲಿ ಸಂಸತ್ತು ೧೯೪೭ರ ನರ್ಸಿಂಗ್ ಪರಿಷತ್ತಿನ ಕಾಯಿದೆಗೆ ಬದಲಾಗಿ ಹೊಸ ಆಯೋಗದ ಕಾಯಿದೆಯನ್ನು ಅಂಗೀಕರಿಸಿರುವುದರಿಂದ ನಿಯಮಗಳು ಮುಂದೆ ಬದಲಾಗಬಹುದು. ಆಯಾ ವರ್ಷದ ಪ್ರಕಟಣೆಯನ್ನು ನೋಡಿಕೊಳ್ಳತಕ್ಕದ್ದು.

ರಾತ್ರಿಯ ಪಾಳಿ, ಪರಪುರುಷರ ಮೈಮುಟ್ಟುವ ಕೆಲಸ, ಮದುವೆಗೆ ತೊಡಕು, ಈ ಆಕ್ಷೇಪಣೆಗಳು ಮೊದಲಿನಷ್ಟು ಕೇಳಿಬರುತ್ತಿಲ್ಲ. ಪೂರ್ತಿ ಅಡಗಿಯೂ ಇಲ್ಲ. ಮಗಳು ಕಣ್ಣಿಗೆ ದೂರವಾಗುವಳೆಂಬ ಅಳುಕಿಗೆ ಈಗ ಒಂದು ಸಮಾಧಾನವುಂಟು. ೨೦೧೮ರಿಂದ ಹಳ್ಳಿಯ ಉಪಕೇಂದ್ರಗಳನ್ನು ಆರೋಗ್ಯ ಕ್ಷೇಮ ಕೇಂದ್ರಗಳಾಗಿ ಮೇಲಕ್ಕೇರಿಸಿ, ನರ್ಸಿಂಗ್ ಓದಿದವರನ್ನು ಸಮುದಾಯ ಆರೋಗ್ಯ ಅಧಿಕಾರಿಗಳೆಂದು ಅಲ್ಲಿಗೆ ನೇಮಿಸುತ್ತಿದ್ದಾರೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಮೊದಲೇ ಕಂಡುಹಿಡಿದು ತಿಂಗಳು ತಿಂಗಳು ಔಷಧ ಕೊಡುವುದು ಅವರ ಮುಖ್ಯ ಕೆಲಸ. ಹನೂರಿನ ಕಾಡಂಚಿನ ಊರುಗಳಲ್ಲಿ ವೈದ್ಯರು ನಿತ್ಯ ಸಿಕ್ಕುವುದು ದುರ್ಲಭ. ಅಲ್ಲಿ ನಿತ್ಯವೂ ಇರತಕ್ಕ ವಿದ್ಯಾವಂತಳು ಈಕೆಯೇ. ಗುತ್ತಿಗೆಯ ನೇಮಕವಾದುದರಿಂದ ಸಂಬಳದಲ್ಲೂ ಭದ್ರತೆಯಲ್ಲೂ ಕೊರತೆಯುಂಟೆಂಬುದನ್ನು ಮರೆಮಾಚಲಾಗದು. ಕಾಯಂ ಕೆಲಸ ಬೇಕೆನ್ನುವವರು ಸರ್ಕಾರಿ ಆಸ್ಪತ್ರೆಗಳ ಶುಶ್ರೂಷಾಧಿಕಾರಿಗಳ ನೇಮಕವನ್ನು ಕಾಯುತ್ತಾರೆ. ಕಲಿಸುವ ಮನಸ್ಸುಳ್ಳವರು ಒಂದು ವರ್ಷ ಕೆಲಸ ಮಾಡಿ ಎರಡು ವರ್ಷದ ಎಂ.ಎಸ್‌ಸಿ.ಗೆ ಸೇರಬಹುದು.

ಕಡೆಯದಾಗಿ ನಮ್ಮ ಹಳೆಯ ವಿದ್ಯಾರ್ಥಿನಿಯರ ಪೈಕಿ ಜಿ.ಎನ್.ಎಂ. ಮುಗಿಸಿ, ಮದುವೆಯಾಗಿ, ಮಕ್ಕಳನ್ನು ಶಾಲೆಗೆ ಕಳುಹಿಸುತ್ತಿರುವ ಸೋದರಿಯರಿಗೆ. ನಿಮಗೂ ಪದವಿಯ ದಾರಿಯಿದೆ. ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ಎಂಬ ಎರಡು ವರ್ಷದ ವ್ಯಾಸಂಗವು ಡಿಪ್ಲೊಮಾ ಆದ ನರ್ಸ್‌ಗಳಿಗಾಗಿಯೇ ಏರ್ಪಟ್ಟದ್ದು. ಅದನ್ನು ಮುಗಿಸಿದವರಿಗೆ ಎಂ.ಎಸ್‌ಸಿ.ಯೂ ತೆರೆದಿದೆ. ಅದಕ್ಕೆ ನೀವು ರಾಜ್ಯ ಪರಿಷತ್ತಿನಲ್ಲಿ ನೋಂದಾಯಿತ ನರ್ಸ್ ಆಗಿರಬೇಕು. ತವರುಮನೆಯ ಪೆಟ್ಟಿಗೆಯಲ್ಲೆಲ್ಲೋ ಇರುವ ಆ ನೋಂದಣಿ ಪತ್ರವನ್ನು ಈ ರಜದಲ್ಲಿ ಹುಡುಕಿ ತೆಗೆಯಿರಿ. ನವೀಕರಣದ ತಾರೀಖು ಮೀರಿದ್ದರೆ, ಅರ್ಜಿಯ ಮಾತಿಗೆ ಮುಂಚೆ ಅದನ್ನು ಸರಿಪಡಿಸಿಕೊಳ್ಳಿರಿ.